ವೆಂಬ್ಲಿಯಲ್ಲಿ ಮೂವರು ಮೆಡಿಕಲ್ ವಿದ್ಯಾರ್ಥಿಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನ ಯಾವ ಪಿ.ಟಿ. ಮೇಷ್ಟ್ರ ಪಕ್ಕ ಕೂತರೂ ಹತ್ತು ನಿಮಿಷದೊಳಗೆ ಒಂದು ಮಾತು ಬಂದೇ ಬರುತ್ತದೆ. ಎಂಟನೇ ಕ್ಲಾಸಿನಲ್ಲಿ ಹೋಬಳಿ ಗೆದ್ದವಳು, ಒಂಬತ್ತರಲ್ಲಿ ತಾಲ್ಲೂಕು ಗೆದ್ದವಳು, ಹತ್ತರಲ್ಲಿ ಚಿಕ್ಕಮಗಳೂರಿಗೆ ಹೋಗಿ ಜಿಲ್ಲಾಮಟ್ಟದಲ್ಲಿ ಓಡಿ ಬಂದವಳು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಗ್ರೌಂಡಿನಲ್ಲಿ ಕಾಣುವುದಿಲ್ಲ. ಕೇಳಿದರೆ ಅಪ್ಪನ ಉತ್ತರ ಸಿದ್ಧ: ‘ಸೈನ್ಸ್ ತಗೊಂಡಿದಾಳೆ ಸಾರ್, ಇನ್ನು ಆಟಗೀಟ ಎಲ್ಲ ಸಾಕು.’ ಅಪ್ಪನನ್ನು ಬೈಯುವಂತಿಲ್ಲ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ಒಂದೊಂದು ಅಂಕಕ್ಕೂ ಎಷ್ಟು ಜನ ಹಿಂದೆ ಸರಿಯುತ್ತಾರೆ ಎಂದು ಕೋಚಿಂಗ್ ಸೆಂಟರಿನವರು ಅವರ ತಲೆಗೆ ತುಂಬಿ ಕಳಿಸಿರುತ್ತಾರೆ.

ಇದರ ಇನ್ನೊಂದು ತುದಿ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಕಾಣುತ್ತದೆ. ಒಂದು ಕಾಲಕ್ಕೆ ಕಾಲೇಜಿನ ಬನಿಯನ್ ತೊಟ್ಟು ಓಡಿದವರು ಈಗ ಡಾಕ್ಟರು ಎಂದಾದರೆ ಅವರನ್ನು ಹುಡುಕಿ ಕರೆಸುತ್ತೇವೆ. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಎಲ್ಲ ಆಗುತ್ತದೆ. ಅಭಿನಂದನಾ ಭಾಷಣದಲ್ಲಿ ‘ಓದಿನಲ್ಲೂ ಮುಂದು, ಆಟದಲ್ಲೂ ಮುಂದು’ ಎಂಬ ವಾಕ್ಯ ತಪ್ಪುವುದಿಲ್ಲ. ಮಗಳನ್ನು ಗ್ರೌಂಡಿನಿಂದ ಕರೆದುಕೊಂಡು ಹೋದ ಅದೇ ಅಪ್ಪ ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿರುತ್ತಾರೆ. ಎರಡನ್ನೂ ಸಾಧಿಸಿದವರನ್ನು ನಾವು ಏನೋ ಪವಾಡವೆಂಬಂತೆ ನೋಡುತ್ತೇವೆ. ಅವರು ಅದನ್ನು ಯಾವ ಅನುಕೂಲದಲ್ಲಿ, ಏನನ್ನು ಬಿಟ್ಟುಕೊಟ್ಟು ಮಾಡಿದರು ಎಂದು ಕೇಳುವುದಿಲ್ಲ. ಕೇಳಿ ನೋಡಬೇಕೆನಿಸಿದ್ದಕ್ಕೆ ಈ ವಾರದ ಅಂಕಣ.

1948ರ ಜುಲೈ 29, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಮೊದಲ ಬೇಸಿಗೆ ಒಲಿಂಪಿಕ್ಸ್ ಆರಂಭವಾದ ದಿನ. ಸ್ವತಂತ್ರ ಭಾರತದ ಧ್ವಜ ಹಿಡಿದು ಮುಂದೆ ನಡೆದವರು ನಾಗಾ ಬೆಟ್ಟಗಳ ತಾಲಿಮೆರೆನ್ ಆವೊ. ಫುಟ್‌ಬಾಲ್ ತಂಡದ ನಾಯಕ, ಕಲ್ಕತ್ತೆಯಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿ. ಅದೇ ಕ್ರೀಡಾಂಗಣದ ಹೊರಗೆ ಹತ್ತೊಂಬತ್ತರ ಹುಡುಗನೊಬ್ಬ ಬೆವರು ಸುರಿಸಿಕೊಂಡು ಓಡಾಡುತ್ತಿದ್ದ. ಬ್ರಿಟನ್ ತಂಡದ ಧ್ವಜ ಕಾರಿನೊಳಗೇ ಉಳಿದಿತ್ತು, ಕಾರಿಗೆ ಬೀಗ ಬಿದ್ದಿತ್ತು. ಆತ ಕಿಟಕಿಯ ಗಾಜು ಒಡೆದು ಧ್ವಜ ತಂದುಕೊಟ್ಟ. ಆಕ್ಸ್‌ಫರ್ಡಿನಲ್ಲಿ ಮೆಡಿಸಿನ್ ಓದುತ್ತಿದ್ದ ಆ ಹುಡುಗ ರೋಜರ್ ಬ್ಯಾನಿಸ್ಟರ್. ಇನ್ನು ಒಂದು ವಾರದಲ್ಲಿ ಅದೇ ಟ್ರ್ಯಾಕಿನಲ್ಲಿ 400 ಮೀಟರ್ ಓಡಿ ಜಮೈಕಾಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದುಕೊಟ್ಟವರು ಆರ್ಥರ್ ವಿಂಟ್, ಲಂಡನ್ನಿನ ಸೇಂಟ್ ಬಾರ್ತಲೋಮಿಯೊ ಆಸ್ಪತ್ರೆಯ ವೈದ್ಯಕೀಯ ವಿದ್ಯಾರ್ಥಿ. ಮೂವರೂ ಒಬ್ಬರಿಗೊಬ್ಬರು ಪರಿಚಯವಾದರೋ ಇಲ್ಲವೋ, ಮೂವರೂ ಡಾಕ್ಟರಾದರು.

ಆವೊ ಅವರ ಕಥೆಯನ್ನು ಮೊದಲು ಹೇಳುತ್ತೇನೆ. ಅದು ನಮ್ಮ ಬೆಟ್ಟದ ಸೀಮೆಗೆ ಹತ್ತಿರದ್ದು. 1918ರಲ್ಲಿ ಚಾಂಗ್ಕಿ ಎಂಬ ಹಳ್ಳಿಯಲ್ಲಿ ಹುಟ್ಟಿದವರು, ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ತಂದೆ ಕ್ರೈಸ್ತ ಪಾದ್ರಿ. 1935ರಲ್ಲಿ ತಂದೆ ವಿಷಮಶೀತ ಜ್ವರದಿಂದ ತೀರಿಕೊಂಡರು. ಮಗ ಡಾಕ್ಟರಾಗಿ ತನ್ನ ಜನರ ಸೇವೆ ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಹುಡುಗ ಜೋರ್ಹಾಟಿನ ಮಿಷನ್ ಶಾಲೆ ಮುಗಿಸಿ ಗುವಾಹಟಿಯ ಕಾಟನ್ ಕಾಲೇಜಿಗೆ ಬಂದ. ಅಲ್ಲಿ ಫುಟ್‌ಬಾಲಿಗೆ ಮಾತ್ರ ನಿಲ್ಲಲಿಲ್ಲ, ಅಥ್ಲೆಟಿಕ್ಸಿನಲ್ಲೂ ಹೆಸರು ಮಾಡಿದ. 1942ರಲ್ಲಿ ಕಲ್ಕತ್ತೆಯ ಕಾರ್ಮೈಕೇಲ್ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಇಂದು ಆರ್.ಜಿ. ಕರ್ ಎಂದು ಎಲ್ಲರೂ ಕೇಳಿರುವ ಕಾಲೇಜೇ ಅದು. ಮರುವರ್ಷ ಮೋಹನ್ ಬಗಾನ್ ಕ್ಲಬ್ಬಿನ ಡಿಫೆಂಡರ್. ಬೆಳಗ್ಗೆ ವಾರ್ಡು, ಸಂಜೆ ಮೈದಾನ.

ಒಲಿಂಪಿಕ್ಸಿನಲ್ಲಿ ಭಾರತ ಆಡಿದ್ದು ಒಂದೇ ಪಂದ್ಯ, ಜುಲೈ 31ರಂದು ಫ್ರಾನ್ಸ್ ವಿರುದ್ಧ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. 1-2ರಿಂದ ಸೋತೆವು. ಆ ಒಂದು ಗೋಲು ಹೊಡೆದವರು ಮೈಸೂರು ಸಂಸ್ಥಾನದ ಎಸ್. ರಾಮನ್. ಆ ತಂಡದಲ್ಲಿ ಬೆಂಗಳೂರಿನವರದ್ದೇ ಒಂದು ಗುಂಪು: ಗೋಲ್‌ಕೀಪರ್ ಕೆ.ವಿ. ವರದರಾಜ್, ಕೆ.ಪಿ. ಧನರಾಜ್, ಚೆಂಡನ್ನು ಹಾವಾಡಿಗನಂತೆ ಆಡಿಸುತ್ತಾನೆಂದು ಹೆಸರಾದ ಅಹ್ಮದ್ ಖಾನ್. ಒಲಿಂಪಿಕ್ಸಿಗೆ ಎರಡು ವರ್ಷ ಮುಂಚೆ ಬೆಂಗಳೂರಿನಲ್ಲಿ ಬಂಗಾಳವನ್ನೇ ಸೋಲಿಸಿ ಮೈಸೂರು ಸಂತೋಷ್ ಟ್ರೋಫಿ ಗೆದ್ದಿತ್ತು. ಹಾಗಾಗಿ ನಾಗಾ ಬೆಟ್ಟದ ಮೆಡಿಕಲ್ ವಿದ್ಯಾರ್ಥಿ ಲಂಡನ್ನಿನಲ್ಲಿ ಮುನ್ನಡೆಸಿದ್ದು ಒಂದು ಲೆಕ್ಕಕ್ಕೆ ನಮ್ಮ ತಂಡವನ್ನೇ. ಬರಿಗಾಲಿನ ಬಗ್ಗೆ ಪತ್ರಕರ್ತರು ಕೆಣಕಿದಾಗ ‘ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್’ ಎಂದು ಆವೊ ಉತ್ತರಿಸಿದರೆಂಬ ಕಥೆ ಇವತ್ತಿಗೂ ಫುಟ್‌ಬಾಲ್ ಪ್ರಿಯರ ಬಾಯಲ್ಲಿದೆ.

ಇಲ್ಲಿ ಒಂದು ಲೆಕ್ಕ ಗಮನಿಸಬೇಕು. 1942ರಲ್ಲಿ ಸೇರಿದ ಆವೊ ಡಾಕ್ಟರಾಗಿ ಹೊರಬಂದದ್ದು 1950ರಲ್ಲಿ. ಎಂಟು ವರ್ಷ. ಸನ್ಮಾನದ ಭಾಷಣಗಳಲ್ಲಿ ಈ ಎಂಟು ವರ್ಷ ಮಾಯವಾಗುತ್ತದೆ. ‘ಎರಡನ್ನೂ ಒಟ್ಟಿಗೆ ನಿಭಾಯಿಸಿದರು’ ಎನ್ನುವುದು ಕೇಳಲು ಚೆಂದ. ಮಗ ಎಂಟು ವರ್ಷ ಎಂ.ಬಿ.ಬಿ.ಎಸ್. ಓದಿದರೆ ನಮ್ಮ ಕಡೆಯ ಮನೆಯಲ್ಲಿ ಏನಾಗುತ್ತಿತ್ತು ಎಂದು ಯೋಚಿಸಿ. ನೆಂಟರ ಮನೆ ಮದುವೆಗೆ ಹೋಗುವುದನ್ನೇ ಅಮ್ಮ ನಿಲ್ಲಿಸಿಬಿಡುತ್ತಿದ್ದರು.

ಡಿಗ್ರಿ ಸಿಕ್ಕ ಕೆಲಕಾಲಕ್ಕೆ ಆವೊ ಕಲ್ಕತ್ತೆಯ ಫುಟ್‌ಬಾಲ್ ಬಿಟ್ಟು ಊರಿನ ಕಡೆ ಹೊರಟರು. ಆ ಕಾಲದ ಕಲ್ಕತ್ತೆಯಲ್ಲಿ ಮೋಹನ್ ಬಗಾನಿನ ಮಾಜಿ ನಾಯಕ ಡಾಕ್ಟರ್ ಎಂಬ ಬೋರ್ಡು ಹಾಕಿ ಕೂತಿದ್ದರೆ ರೋಗಿಗಳು ಸಾಲುಗಟ್ಟುತ್ತಿದ್ದರು ಎನ್ನಲು ಜ್ಯೋತಿಷ್ಯ ಬೇಕಿಲ್ಲ. ಅವರು 1953ರಲ್ಲಿ ಕೊಹಿಮಾದ ಸರ್ಕಾರಿ ಆಸ್ಪತ್ರೆ ಸೇರಿದರು. ನಾಗಾ ಬೆಟ್ಟಗಳಲ್ಲಿ ಸಂಘರ್ಷ ಹೊಗೆಯಾಡುತ್ತಿದ್ದ ವರ್ಷಗಳವು. 1963ರ ಡಿಸೆಂಬರಿನಲ್ಲಿ ನಾಗಾಲ್ಯಾಂಡ್ ರಾಜ್ಯವಾಯಿತು. ಆ ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. 1998ರಲ್ಲಿ ತೀರಿಕೊಂಡರು. ಗೌರವಗಳು ಬಂದದ್ದು ಹೆಚ್ಚಾಗಿ ಆಮೇಲೆ: 2002ರಲ್ಲಿ ಮೋಹನ್ ಬಗಾನ್ ರತ್ನ, ಕಾಟನ್ ಕಾಲೇಜಿನ ಒಳಾಂಗಣ ಕ್ರೀಡಾಂಗಣಕ್ಕೆ ಹೆಸರು, ಈಶಾನ್ಯದಲ್ಲಿ ಅವರ ಹೆಸರಿನ ಫುಟ್‌ಬಾಲ್ ಟ್ರೋಫಿ, ಜನ್ಮಶತಮಾನೋತ್ಸವದ ವರ್ಷ 2018ರಲ್ಲಿ ಅಂಚೆಚೀಟಿ. ಬಹುಮಟ್ಟಿಗೆ ಎಲ್ಲವೂ ಆಟಗಾರನಿಗೇ ಸಂದದ್ದು. ಕಾಲು ಶತಮಾನ ಬೆಟ್ಟದ ಜನರ ನಾಡಿ ಹಿಡಿದ ಡಾಕ್ಟರಿಗೆ ಅಂಚೆಚೀಟಿ ಅಂಟಿಸುವ ಪದ್ಧತಿ ನಮ್ಮಲ್ಲಿ ಕಡಿಮೆ.

ವಿಂಟ್ ಅವರದ್ದೂ ಇದೇ ದಾರಿ. ಆರು ಅಡಿ ನಾಲ್ಕು ಇಂಚು ಮೀರಿದ ಎತ್ತರದ ಆಳು. ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್, ಆಮೇಲೆ ಮೆಡಿಕಲ್ ವಿದ್ಯಾರ್ಥಿ. 1948ರಲ್ಲಿ 400 ಮೀಟರ್ ಚಿನ್ನ, 800ರಲ್ಲಿ ಬೆಳ್ಳಿ; 1952ರ ಹೆಲ್ಸಿಂಕಿಯಲ್ಲಿ ರಿಲೇ ಚಿನ್ನ, ಮತ್ತೆ 800ರಲ್ಲಿ ಬೆಳ್ಳಿ. ಡಾಕ್ಟರಾದ ಮೇಲೆ 1955ರಲ್ಲಿ ಜಮೈಕಾಕ್ಕೆ ಮರಳಿ ಹ್ಯಾನೋವರ್ ಎಂಬ ಹಳ್ಳಿಗಾಡಿನ ಜಿಲ್ಲೆಯಲ್ಲಿ ನೆಲೆಸಿದರು. ಇಡೀ ಜಿಲ್ಲೆಯಲ್ಲಿ ಮನೆ ಮಾಡಿಕೊಂಡಿದ್ದ ಡಾಕ್ಟರ್ ಅವರೊಬ್ಬರೇ. ನಡುವೆ 1974ರಿಂದ 78ರವರೆಗೆ ಲಂಡನ್ನಿನಲ್ಲಿ ಜಮೈಕಾದ ಹೈಕಮಿಷನರ್ ಆಗಿದ್ದು ಬಂದು, ಮತ್ತೆ ಊರಿನ ಆಸ್ಪತ್ರೆಯ ಕೆಲಸಕ್ಕೇ ಹೋದರು.

‘ಇಡೀ ಜಿಲ್ಲೆಗೆ ಒಬ್ಬರೇ’ ಎಂಬ ಮಾತು ನಮ್ಮ ಮೂರು ತಾಲ್ಲೂಕಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಶೃಂಗೇರಿಗೆ ನೂರು ಹಾಸಿಗೆಯ ಆಸ್ಪತ್ರೆ ಕೊಡಿ ಎಂದು ಜನ ವರ್ಷಗಟ್ಟಲೆ ಕೇಳಿದ್ದಾರೆ. ಎದೆನೋವು ಬಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲ, ಎನ್.ಆರ್. ಪುರದ ಕಡೆಯವರಾದರೆ ಶಿವಮೊಗ್ಗ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. ಮಂಗನ ಕಾಯಿಲೆ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಜ್ವರ ಉಣುಗಿನಿಂದ ಹರಡುತ್ತದೆ. ತೋಟಕ್ಕೆ ದರಗು ತರಲು ಕಾಡಿಗೆ ಹೋದವರು ಬೇಸಿಗೆ ಬಂತೆಂದರೆ ಇಂದಿಗೂ ಹೆದರುತ್ತಾರೆ. ಜ್ವರ ಯಾವುದೆಂದು ಮೊದಲ ಎರಡು ದಿನದಲ್ಲೇ ಅನುಮಾನ ಪಡಬೇಕಾದವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು. ಆ ಕುರ್ಚಿಯಲ್ಲಿ ಕೂತವರು ಕಾಡು, ತೋಟ, ದರಗು ಬಲ್ಲವರಾದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದು ಇಲ್ಲಿನವರಿಗೆ ಗೊತ್ತು. ಊರಿಗೆ ಮರಳುವ ಡಾಕ್ಟರು ಬೇಕೆನ್ನುವ ನಾವು, ಊರಿನ ಹೆಸರು ಎದೆಯ ಮೇಲೆ ಅಂಟಿಸಿಕೊಂಡು ಓಡುವ ಅಭ್ಯಾಸವನ್ನು ಹದಿನಾರನೇ ವಯಸ್ಸಿಗೇ ತಪ್ಪಿಸುತ್ತಿದ್ದೇವಲ್ಲ ಎಂಬುದು ನನ್ನ ಸಣ್ಣ ತಕರಾರು. ತಂಡಕ್ಕೆ ಆಡಿದವರೆಲ್ಲ ಊರಿಗೆ ಮರಳುತ್ತಾರೆ ಎಂದು ನಾನೇನೂ ಪ್ರಮಾಣ ಮಾಡುವುದಿಲ್ಲ.

ಮೂರನೆಯವರಾದ ಬ್ಯಾನಿಸ್ಟರ್ ಮೂವರಲ್ಲಿ ಹೆಚ್ಚು ಪ್ರಸಿದ್ಧರು. ಒಂದು ಮೈಲಿ ಅಂದರೆ 1609 ಮೀಟರನ್ನು ನಾಲ್ಕು ನಿಮಿಷದೊಳಗೆ ಓಡಿದ ಮೊದಲ ಮನುಷ್ಯ. ಆ ಕಥೆಯನ್ನು ಸಾಮಾನ್ಯವಾಗಿ ಮನೋಬಲದ ಕಥೆಯಾಗಿ ಹೇಳುತ್ತಾರೆ. ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಅದನ್ನು ಕೇಳದವರಿಲ್ಲ. ನನಗೆ ಕುತೂಹಲ ಇರುವುದು ಅದರ ದೇಹಶಾಸ್ತ್ರದಲ್ಲಿ.

ಓಟಗಾರನನ್ನು ತಡೆದು ನಿಲ್ಲಿಸುವುದು ಏನು? ಆಕ್ಸ್‌ಫರ್ಡಿನ ಪ್ರಯೋಗಶಾಲೆಯಲ್ಲಿ ಬ್ಯಾನಿಸ್ಟರ್ ಇದೇ ಪ್ರಶ್ನೆ ಹಿಡಿದು ಕೂತರು. ಟ್ರೆಡ್‌ಮಿಲ್ ಮೇಲೆ ಜನರನ್ನು ಸುಸ್ತಾಗಿ ಬೀಳುವವರೆಗೆ ಓಡಿಸುವುದು; ಒಮ್ಮೆ ಮಾಮೂಲಿ ಗಾಳಿ, ಇನ್ನೊಮ್ಮೆ ಆಮ್ಲಜನಕ ಹೆಚ್ಚು ಬೆರೆಸಿದ ಗಾಳಿ ಕೊಟ್ಟು ಏನಾಗುತ್ತದೆ ಎಂದು ಅಳೆಯುವುದು. ಓಡಿದವರಲ್ಲಿ ತಾವೂ ಒಬ್ಬರು. ಆಮ್ಲಜನಕ ಹೆಚ್ಚಾದಾಗ ಏದುಸಿರು ಇಳಿಯಿತು, ಅದೇ ವೇಗದಲ್ಲಿ ಹೆಚ್ಚು ಹೊತ್ತು ಓಡಲು ಆಯಿತು. ಸಹೋದ್ಯೋಗಿ ಕನಿಂಗ್‌ಹ್ಯಾಮ್ ಜೊತೆ ಇದನ್ನು ಪ್ರಬಂಧವಾಗಿ 1954ರಲ್ಲೇ ಪ್ರಕಟಿಸಿದರು. ವೇಗ ಏರಿಳಿಯದೆ ಒಂದೇ ಹದದಲ್ಲಿ ಓಡಿದರೆ ಆಮ್ಲಜನಕದ ಖರ್ಚು ಕಡಿಮೆ. ಹಾಗಾದರೆ ಪ್ರತಿ ಸುತ್ತೂ ಒಂದು ನಿಮಿಷದ ಆಸುಪಾಸಿನಲ್ಲೇ ಇರಬೇಕು, ಮೊದಲ ಸುತ್ತುಗಳಲ್ಲಿ ಗಾಳಿ ತಡೆದು ಎಳೆದುಕೊಂಡು ಹೋಗಲು ಮುಂದೆ ಗೆಳೆಯರಿಬ್ಬರು ಬೇಕು. ಕ್ರಿಸ್ ಬ್ರಾಷರ್ ಮತ್ತು ಕ್ರಿಸ್ ಚಾಟವೇ ಬಂದದ್ದು ಈ ಲೆಕ್ಕಾಚಾರದೊಳಗೆ.

ತಾಲೀಮಿಗೆ ಸಿಗುತ್ತಿದ್ದ ಸಮಯ ಮಧ್ಯಾಹ್ನದ ಊಟದ ಬಿಡುವು. ಆ ಹೊತ್ತಿಗೆ ಅವರು ಓದುತ್ತಿದ್ದ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಿಂದ ಹತ್ತಿರದ ಪ್ಯಾಡಿಂಗ್ಟನ್ ಮೈದಾನಕ್ಕೆ ಹೋಗಿ ಮುಕ್ಕಾಲು ಗಂಟೆಯೊಳಗೆ ಮುಗಿಸಿ ಮತ್ತೆ ವಾರ್ಡಿಗೆ. ಕಾಲು ಮೈಲಿಯನ್ನು ಹತ್ತು ಸಲ ಓಡುವುದು, ನಡುನಡುವೆ ಎರಡು ನಿಮಿಷ ವಿರಾಮ. ಚಳಿಗಾಲದಲ್ಲಿ ಒಂದೊಂದಕ್ಕೆ 66 ಸೆಕೆಂಡು ಹಿಡಿಯುತ್ತಿದ್ದದ್ದು ವಸಂತದ ಹೊತ್ತಿಗೆ 61ಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಏನು ಮಾಡಿದರೂ ಅದರ ಕೆಳಗೆ ಇಳಿಯದು. ಆಗ ಗೆಳೆಯರೊಡನೆ ಸ್ಕಾಟ್ಲೆಂಡಿಗೆ ಹೋಗಿ ಕೆಲವು ದಿನ ಬಂಡೆ ಹತ್ತಿಕೊಂಡಿದ್ದು ಬಂದರು. ಬಂದು ಓಡಿದಾಗ 59! ಹದಿನಾಲ್ಕು ಗಂಟೆ ಓದಿಸುವ ಕೋಚಿಂಗ್ ಸೆಂಟರುಗಳು ಈ ಎರಡು ಸೆಕೆಂಡಿನ ಅರ್ಥವನ್ನು ಬಿಡುವು ಮಾಡಿಕೊಂಡು ಯೋಚಿಸಬಹುದು.

1954ರ ಮೇ 6ರ ಬೆಳಗ್ಗೆ ಬ್ಯಾನಿಸ್ಟರ್ ಎಂದಿನಂತೆ ಆಸ್ಪತ್ರೆಯಲ್ಲೇ ಇದ್ದರು. ಅಲ್ಲಿನ ಪ್ರಯೋಗಶಾಲೆಯ ಸಾಣೆಕಲ್ಲಿಗೆ ತಮ್ಮ ಶೂಗಳ ಮೊಳೆ ಕೊಟ್ಟು ಚೂಪು ಮಾಡಿಕೊಂಡರು. ಆಗಿನ ಟ್ರ್ಯಾಕು ಕಲ್ಲಿದ್ದಲ ಬೂದಿಯದ್ದು; ಬೂದಿ ಮೆತ್ತಿಕೊಳ್ಳದಿರಲೆಂದು ಮೊಳೆಗಳಿಗೆ ಗ್ರಾಫೈಟ್ ಸವರಿದರು. ರೈಲು ಹತ್ತಿ ಆಕ್ಸ್‌ಫರ್ಡಿಗೆ ಹೋದರು. ಗಾಳಿ ಜೋರಾಗಿತ್ತು. ಹತ್ತಿರದ ಚರ್ಚಿನ ಗೋಪುರದ ಬಾವುಟ ಪಟಪಟ ಹಾರುವುದು ನಿಲ್ಲುವವರೆಗೂ ಓಡುವುದೋ ಬಿಡುವುದೋ ತೀರ್ಮಾನವಾಗಲಿಲ್ಲ. ಸಂಜೆ ಆರರ ಹೊತ್ತಿಗೆ ಓಟ ನಡೆಯಿತು: 3 ನಿಮಿಷ 59.4 ಸೆಕೆಂಡು. ಆ ದಾಖಲೆ ನಿಂತದ್ದು 46 ದಿನ ಮಾತ್ರ. ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಅದನ್ನು ಮುರಿದರು. ಆಗಸ್ಟಿನಲ್ಲಿ ವ್ಯಾಂಕೂವರಿನಲ್ಲಿ ಲ್ಯಾಂಡಿಯನ್ನು ಎದುರಾಎದುರು ಸೋಲಿಸಿದ ಬ್ಯಾನಿಸ್ಟರ್, ಅದೇ ವರ್ಷ ಸ್ಪರ್ಧಾತ್ಮಕ ಓಟ ಬಿಟ್ಟರು. ವಯಸ್ಸು 25.

ಮುಂದಿನ ಅರವತ್ತು ವರ್ಷಗಳ ಬಗ್ಗೆ ಪತ್ರಿಕೆಗಳು ಬರೆದದ್ದು ಕಡಿಮೆ. ಅವರು ನರರೋಗ ತಜ್ಞರಾದರು. ಮೆಟ್ಟುಗತ್ತಿಯ ಮೇಲೆ ಕೂತು ಎರಡು ತಾಸು ಅಡಿಕೆ ಸುಲಿದು ಥಟ್ಟನೆ ಎದ್ದರೆ ಏನಾಗುತ್ತದೆ? ರಕ್ತ ಕಾಲಿನ ಕಡೆ ಇಳಿಯುತ್ತದೆ. ಆದರೂ ನಾವು ಬೀಳುವುದಿಲ್ಲ. ನಮ್ಮ ಅಪ್ಪಣೆಗೆ ಕಾಯದೆ ತನ್ನಷ್ಟಕ್ಕೆ ಕೆಲಸ ಮಾಡುವ ನರವ್ಯೂಹವೊಂದು ರಕ್ತನಾಳಗಳನ್ನು ಬಿಗಿಗೊಳಿಸಿ, ಗುಂಡಿಗೆಯ ಬಡಿತ ಏರಿಸಿ ಮಿದುಳಿಗೆ ರಕ್ತ ತಪ್ಪದಂತೆ ನೋಡಿಕೊಳ್ಳುತ್ತದೆ. ಇದು ಕೆಟ್ಟವರು ಎದ್ದ ತಕ್ಷಣ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಓಟಗಾರ ಗುರಿ ಮುಟ್ಟಿದ ಮೇಲೆ ಕುಸಿಯುವುದೂ, ಬಿಸಿಲಲ್ಲಿ ಸೈನಿಕ ತಲೆಸುತ್ತಿ ಬೀಳುವುದೂ ಇದೇ ವ್ಯವಸ್ಥೆಯ ಮೇಲೆ ಬೀಳುವ ಒತ್ತಡದ ಕಥೆ. ಬ್ಯಾನಿಸ್ಟರ್ ಜೀವನವಿಡೀ ಅಧ್ಯಯನ ಮಾಡಿದ್ದು ಈ ನರವ್ಯೂಹದ ಸೋಲನ್ನು. ಈ ವಿಷಯದ ಮೇಲೆ ಅವರು ಸಂಪಾದಿಸಿದ ಗ್ರಂಥ ಈ ಕ್ಷೇತ್ರದ ವೈದ್ಯರಿಗೆ ಆಧಾರ ಗ್ರಂಥವಾಯಿತು. ಎಪ್ಪತ್ತರ ದಶಕದ ಆರಂಭದಲ್ಲಿ ಬ್ರಿಟನ್ನಿನ ಕ್ರೀಡಾ ಮಂಡಳಿಯ ಅಧ್ಯಕ್ಷರಾಗಿದ್ದಾಗ, ಆಟಗಾರರು ಮೈ ಉಬ್ಬಿಸಲು ನುಂಗುತ್ತಿದ್ದ ಸ್ಟಿರಾಯ್ಡ್‌ಗಳನ್ನು ಹಿಡಿಯುವ ಪರೀಕ್ಷೆ ರೂಪುಗೊಳ್ಳಲು ಒತ್ತಾಸೆಯಾದರು. 1975ರಲ್ಲಿ ‘ಸರ್’ ಪದವಿ ಬಂತು. 2005ರಲ್ಲಿ ಅಮೆರಿಕದ ನರವಿಜ್ಞಾನ ಅಕಾಡೆಮಿ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಿತು. ಯಾವುದರ ಬಗ್ಗೆ ಹೆಚ್ಚು ಹೆಮ್ಮೆ ಎಂದು ಕೇಳಿದವರಿಗೆಲ್ಲ ಅವರು ಹೇಳುತ್ತಿದ್ದದ್ದು ವೈದ್ಯಕೀಯದ ಹೆಸರನ್ನೇ. ಕೊನೆಗಾಲದಲ್ಲಿ ಅವರಿಗೇ ಪಾರ್ಕಿನ್ಸನ್ ಕಾಯಿಲೆ ಬಂತು, 2018ರಲ್ಲಿ ತೀರಿಕೊಂಡರು.

ಅವರ ಓಟ ಅವರ ವೈದ್ಯಕೀಯಕ್ಕೆ ಅಡ್ಡ ಬಂತೆಂದು ಯಾರಾದರೂ ಹೇಳಬಲ್ಲರೇ? ತನ್ನದೇ ಉಸಿರು, ತನ್ನದೇ ನಾಡಿ, ತನ್ನದೇ ಕುಸಿತವನ್ನು ವರ್ಷಗಟ್ಟಲೆ ನೋಡಿಕೊಂಡವನು ಆಮೇಲೆ ಅದೇ ಪ್ರಶ್ನೆಯನ್ನು ರೋಗಿಯಲ್ಲಿ ಹುಡುಕಿದ. ನಮ್ಮ ಹೊಗಳಿಕೆಯ ಭಾಷಣಗಳಲ್ಲಿ ನನಗೆ ಸರಿಬೀಳದ್ದು ಆ ‘ಆದರೂ’ ಎಂಬ ಪದ: ಡಾಕ್ಟರ್ ಓದುತ್ತಿದ್ದರು, ಆದರೂ ಓಡುತ್ತಿದ್ದರು. ಬ್ಯಾನಿಸ್ಟರ್ ವಿಷಯದಲ್ಲಿ ಮಧ್ಯಾಹ್ನದ ಓಟವೂ ಪಠ್ಯದ ಭಾಗವೇ ಆಗಿತ್ತು.

ಆದರೆ ಇದನ್ನು ಇಷ್ಟಕ್ಕೇ ಬಿಟ್ಟರೆ ತಂದೆತಾಯಿಗಳಿಗೆ ಮೋಸ ಮಾಡಿದಂತಾಗುತ್ತದೆ. ಅದು ಹವ್ಯಾಸಿಗಳ ಕಾಲ. ದಿನಕ್ಕೆ ಮುಕ್ಕಾಲು ಗಂಟೆಯ ತಾಲೀಮಿನಲ್ಲಿ ವಿಶ್ವದಾಖಲೆ ಇವತ್ತು ಸಾಧ್ಯವಿಲ್ಲ. ಭಾರತದಲ್ಲೇ ನೋಡಿ: 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಹಾಕಿ ತಂಡದಲ್ಲಿ ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಅವರ ಜೊತೆ ಆಡಿದವರು ವೇಸ್ ಪೇಸ್. ವೈದ್ಯರಾದ ಅವರು ಮುಂದೆ ಕ್ರೀಡಾವೈದ್ಯಕೀಯಕ್ಕೆ, ಉದ್ದೀಪನ ಮದ್ದು ತಡೆಯುವ ಕೆಲಸಕ್ಕೆ ತೊಡಗಿ 2025ರ ಆಗಸ್ಟಿನಲ್ಲಿ ತೀರಿಕೊಂಡರು. ಅವರ ಮಗ ಲಿಯಾಂಡರ್ ಪೇಸ್ ಪೂರ್ಣಾವಧಿ ಟೆನಿಸ್ ಆಟಗಾರ. ಅಪ್ಪನ ಕಾಲಕ್ಕೂ ಮಗನ ಕಾಲಕ್ಕೂ ಇರುವ ಅಂತರ ಅಷ್ಟು. ಈಗ ಎರಡೂ ಕೂಡಿ ನಡೆಯುವುದು ದೀರ್ಘ ಸಹನೆಯ ಆಟಗಳಲ್ಲಿ. 2017ರಲ್ಲಿ ಅಮೆರಿಕವನ್ನು ಕರಾವಳಿಯಿಂದ ಕರಾವಳಿಗೆ ಸೈಕಲ್ಲಿನಲ್ಲಿ ದಾಟುವ ರೇಸನ್ನು ಏಕಾಂಗಿಯಾಗಿ ಮುಗಿಸಿದ ಮೊದಲ ಇಬ್ಬರು ಭಾರತೀಯರು ಸೇನಾ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಮತ್ತು ನಾಗಪುರದ ಡಾಕ್ಟರ್ ಅಮಿತ್ ಸಮರ್ಥ್. ಸುಮಾರು 4,900 ಕಿಲೋಮೀಟರನ್ನು ಇಬ್ಬರೂ ಹನ್ನೆರಡು ದಿನದೊಳಗೆ ಮುಗಿಸಿದರು.

ಹಾಗಾಗಿ ಕೊಪ್ಪದ ಹುಡುಗಿ ಒಲಿಂಪಿಕ್ಸಿಗೂ ಹೋಗಲಿ, ನೀಟ್ ರ‍್ಯಾಂಕೂ ತರಲಿ ಎಂದು ನಾನು ಕೇಳುತ್ತಿಲ್ಲ. ಬ್ಯಾನಿಸ್ಟರಿಗೆ ಆಸ್ಪತ್ರೆಗೆ ಹತ್ತಿರದಲ್ಲೇ ಒಂದು ಮೈದಾನವಿತ್ತು, ಆವೊ ಅವರಿಗೆ ಎಂಟು ವರ್ಷ ಕಾದ ಕಾಲೇಜಿತ್ತು. ನಮ್ಮಲ್ಲಿ ಏನಿದೆ ಎಂದು ನೋಡುವುದು ಉಪಯೋಗದ ಮಾತು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಮೈದಾನ ಕೆಸರುಗದ್ದೆ. ಆಷಾಢ ಶ್ರಾವಣದಲ್ಲಿ ನಿಜವಾದ ಕೆಸರುಗದ್ದೆಯಲ್ಲೇ ಓಟ ಏರ್ಪಡಿಸಿ ಖುಷಿಪಡುವವರು ನಾವು. ಶಾಲಾ ಕ್ರೀಡಾಕೂಟಗಳು ಬರುವುದೂ ಸರಿಯಾಗಿ ಆ ಮಳೆಯಲ್ಲೇ. ಮಳೆ ಬಿಟ್ಟ ಮೇಲೆ ಸಂಜೆ ಗ್ರೌಂಡಿಗೆ ಹೋಗೋಣವೆಂದರೆ ಜಯಪುರದ ಕಡೆಗೋ ಬಾಳೆಹೊನ್ನೂರಿನ ಕಡೆಗೋ ಕೊನೆಯ ಬಸ್ಸು ತಪ್ಪುತ್ತದೆ. ಸೈನ್ಸ್ ತೆಗೆದುಕೊಂಡವರಿಗೆ ಆ ಹೊತ್ತಿಗೆ ಲ್ಯಾಬು. ಲ್ಯಾಬಿನ ಸಮಯವನ್ನು ವಾರಕ್ಕೆ ಎರಡು ದಿನ ಅರ್ಧ ಗಂಟೆ ಹಿಂದೆಮುಂದೆ ಮಾಡಲು ಸರ್ಕಾರದ ಆದೇಶ ಬೇಕಾಗಿಲ್ಲ, ಪ್ರಿನ್ಸಿಪಾಲರ ಮನಸ್ಸು ಸಾಕು.

ಮನೆಯವರ ಪ್ರಶ್ನೆ ‘ಇದರಿಂದ ಸೀಟು ಸಿಗುತ್ತಾ?’ ಎಂಬುದಾದರೆ, ಅದಕ್ಕೂ ಉತ್ತರವಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ವೃತ್ತಿಶಿಕ್ಷಣ ಪ್ರವೇಶದಲ್ಲಿ ಕ್ರೀಡಾ ಕೋಟಾ ಎಂಬುದೊಂದು ಇದೆ. ಸೀಟು ಕಡಿಮೆ, ಕೇಳುವುದು ಮೇಲ್ಮಟ್ಟದ ಸಾಧನೆಯ ಪ್ರಮಾಣಪತ್ರ; ಹೋಬಳಿ ಮಟ್ಟದ ಕಪ್ಪು ಹಿಡಿದು ಹೋದರೆ ನಡೆಯದು. ಆ ಮಟ್ಟಕ್ಕೆ ಏರುವ ಮೆಟ್ಟಿಲು ಪದವಿಪೂರ್ವ ಶಿಕ್ಷಣ ಇಲಾಖೆಯೇ ನಡೆಸುವ ತಾಲ್ಲೂಕು, ಜಿಲ್ಲೆ, ರಾಜ್ಯಮಟ್ಟದ ಕೂಟಗಳು. ಕಾಲೇಜು ಶುರುವಾದ ಮೊದಲ ವಾರಗಳಲ್ಲೇ ಹೆಸರು ಕೊಟ್ಟಿರಬೇಕು. ಸೈನ್ಸಿನ ಮಕ್ಕಳ ಹೆಸರು ಆ ಪಟ್ಟಿಗೆ ಬರುವುದು ಅಪರೂಪವಾದ್ದರಿಂದ, ಈ ವರ್ಷ ಒಬ್ಬಳು ಬಂದು ಕೇಳಿದರೂ ಪಿ.ಟಿ. ಮೇಷ್ಟ್ರು ಬೇಡವೆನ್ನಲಾರರು.